ತೊಗಲು ಕುಡಿಯುವ ಹೊತ್ತು

ನಮ್ಮಣ್ಣನಿಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನ ಮಾತು ಕೇಳಿದವರು ಯಾರೂ ಇದನ್ನು ನಂಬುವುದಿಲ್ಲ. ಇಪ್ಪತ್ತಾರು ವರ್ಷಗಳಿಂದ ಅವನು ಕಾರುಗಳ ಲೆದರ್ ಸೀಟುಗಳನ್ನು ಶುಚಿ ಮಾಡುತ್ತಿದ್ದಾನೆ. ಕೆಲಸಕ್ಕೆ ಕೈ ಹಾಕುವ ಮೊದಲು ಕಾರಿನೊಳಗೆ ಹೋಗಿ, ಡ್ರೈವರ್ ಸೀಟಿನಲ್ಲಿ ಕುಳಿತು, ಬಾಗಿಲು ಎಳೆದುಕೊಂಡು ಕಣ್ಣು ಮುಚ್ಚುತ್ತಾನೆ. ಹತ್ತು ನಿಮಿಷ, ಕೆಲವು ಸಲ ಇಪ್ಪತ್ತು. ಆಮೇಲೆ ಇಳಿದು ಬಂದು, ತೋಳು ಮಡಚಿಕೊಳ್ಳುತ್ತಾ, "ಹೋಗ್ಬಂದೆ" ಅನ್ನುತ್ತಾನೆ. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಅವರ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

"ಈ ಕಾರಿನೋರು ಪಕ್ಕದ ಸೀಟಿನ ಕಡೆ ವಾಲಿ ಕೂರ್ತಾರೆ, ಪುಟ್ಟಿ. ಪಕ್ಕದಲ್ಲಿ ಯಾರೋ ಸಣ್ಣ ದನೀಲಿ ಮಾತಾಡ್ತಾರೆ. ಇವರಿಗೆ ಒಂದು ಮಾತೂ ತಪ್ಪಿಸಿಕೊಳ್ಳೋಕೆ ಇಷ್ಟ ಇಲ್ಲ. ಹೊಲಿಗೇಲಿ ಮರಳು ಇದೆ. ಕಡಲಿಗೆ ಹೋಗಿದ್ರು. ವಾಪಸ್ ಬರೋವಾಗ ಮಾತಾಡ್ಲಿಲ್ಲ."

"ಮಾತಾಡ್ಲಿಲ್ಲ ಅಂತ ನಿನಗೆ ಮರಳು ಹೇಳ್ತಾ?" ಎಂದು ನಾನು ಕೇಳುತ್ತೇನೆ.

"ಸೀಟು ಹೇಳ್ತು" ಅನ್ನುತ್ತಾನೆ, ಬೇರೇನು ಹೇಳೀತು ಎಂಬ ಹಾಗೆ.

ಹೀಗಾಗಿ ವರ್ಕ್‌ಶಾಪಿನಲ್ಲಿ ಅವನಿಗೆ 'ಸವಾರಿ' ಎಂದು ಹೆಸರು ಬಿತ್ತು. ಅವನ ನಿಜವಾದ ಹೆಸರು ಈಗ ನಮ್ಮತ್ತಿಗೆಗೂ ನೆನಪಿದೆಯೋ ಇಲ್ಲವೋ. ಒಂದೇ ಒಂದು ಸಲ, ಹಳೆಯ ಯಜಮಾನರು ಬಲವಂತ ಮಾಡಿದ್ದಕ್ಕೆ, ಅಂಗಳದಲ್ಲಿ ಕಾರು ಓಡಿಸಿ ನೋಡಿದ. ಆರು ಮಾರು ದೂರದಲ್ಲಿದ್ದ ನೀರಿನ ಡ್ರಮ್ಮಿಗೆ ಗುರಿಯಿಟ್ಟ ಹಾಗೆ ಹೋಗಿ ಗುದ್ದಿದ. "ಕಣ್ಣು ತೆರ್ಕೊಂಡು ಓಡಿಸೋದು ನನಗೆ ಒಗ್ಗಲ್ಲ" ಎಂದು ಇಳಿದವನು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ನಮ್ಮ ವರ್ಕ್‌ಶಾಪು ಒಂದು ಗಲ್ಲಿಯ ತುದಿಯಲ್ಲಿದೆ. ಮುಂದುಗಡೆ ತಗಡು ಬಡಿಯುವವರು, ನಡುವೆ ಬಣ್ಣ ಹೊಡೆಯುವವರು, ಹಿಂದೆ ನಾವಿಬ್ಬರು. ನಾನು ಹರಿದ ಸೀಟು ಹೊಲಿಯುತ್ತೇನೆ. ನನ್ನ ಮಿಷನ್ನು ದಪ್ಪ ಸೂಜಿಯದು. ಅದು ಓಡುವಾಗ ಪಕ್ಕದ ಗೋಡೆಯ ಮೇಲಿನ ಕ್ಯಾಲೆಂಡರ್ ಕೂಡ ನಡುಗುತ್ತದೆ. ನಮ್ಮ ಭಾಗದ ಮಾಡಿಗೆ ಹಾಲುಬಣ್ಣದ ಪ್ಲಾಸ್ಟಿಕ್ ಶೀಟು ಹೊದಿಸಿದ್ದಾರೆ. ಮಧ್ಯಾಹ್ನದ ಬಿಸಿಲು ಅದನ್ನು ದಾಟಿ ಕೆಳಗಿಳಿಯುವಷ್ಟರಲ್ಲಿ ತನ್ನ ಸಿಟ್ಟೆಲ್ಲ ಕಳೆದುಕೊಂಡಿರುತ್ತದೆ. ಆ ಬೆಳಕಿನಲ್ಲಿ ನೊರೆ, ತೊಗಲು, ಅಣ್ಣನ ನರೆತ ಕೂದಲು, ಎಲ್ಲವೂ ನಿಧಾನವಾಗಿ ಕಾಣುತ್ತವೆ. ನಿಧಾನವಾಗಿ ಕಾಣುವುದು ಅಂದರೇನು ಎಂದು ಕೇಳಬೇಡಿ. ಅಲ್ಲಿ ಬಂದು ಕುಳಿತರೆ ನಿಮಗೇ ಗೊತ್ತಾಗುತ್ತದೆ.

ಹೊಲಿಗೆಗೆಂದು ಬಿಚ್ಚಿ ತೆಗೆದ ಸೀಟುಗಳನ್ನು ನೆಲದ ಮೇಲೆ ಇಡುತ್ತೇವೆ. ಇಡುವವನು ಅಣ್ಣ. ಅವನ ಕೈಯಲ್ಲಿ ಅವು ತಂತಾನೇ ಮುಂದೆ ಎರಡು, ಹಿಂದೆ ಒಂದು ಉದ್ದನೆಯದು ಎಂದು ಕಾರಿನ ಹಾಗೆಯೇ ಸಾಲಾಗುತ್ತವೆ. ಕಾರಿಲ್ಲದ ಕಾರು. ಟೀ ಬಂದಾಗ ಅವನು ಮುಂದೆ ಕೂರುತ್ತಾನೆ, ನಾನು ಹಿಂದೆ. ಈ ಜಾಗಗಳು ಯಾವಾಗ ನಿಶ್ಚಯವಾದವು ಅಂದರೆ ನನಗೆ ಐದು, ಅವನಿಗೆ ಹತ್ತು ವರ್ಷ ಇದ್ದಾಗ. ಆಗ ಅಮ್ಮನ ಎರಡು ಮರದ ಕುರ್ಚಿಗಳೇ ನಮ್ಮ ಕಾರು, ಊಟದ ತಟ್ಟೆಯೇ ಸ್ಟೇರಿಂಗು. ಅವನು ಮುಂದಿನ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿ ತಟ್ಟೆ ತಿರುಗಿಸುತ್ತಿದ್ದ. ನಾನು ಹಿಂದಿನ ಕುರ್ಚಿಯಿಂದ ನಿಮಿಷಕ್ಕೊಂದು ಸಲ "ಬಂತಾ ಅಣ್ಣ?" ಎಂದು ಅವನ ತಲೆ ತಿನ್ನುತ್ತಿದ್ದೆ. "ಇನ್ನೂ ಇಲ್ಲ, ಸ್ವಲ್ಪ ದೂರ ಇದೆ" ಅನ್ನುತ್ತಿದ್ದ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ಕೂರುತ್ತೇನೆ ಎಂದು ಹಟ ಹಿಡಿದರೆ ಮಾತ್ರ ಒಂದೇ ಉತ್ತರ: "ನಿನಗೆ ದಾರಿ ಗೊತ್ತಿಲ್ಲ."

ಅವನ ಕೆಲಸ ನೋಡಲು ತಾಳ್ಮೆ ಬೇಕು. ನನಗೆ ಅದು ಹುಟ್ಟಿನಿಂದಲೇ ಇಲ್ಲ. ಆದರೂ ಮಿಷನ್ನಿನ ಮೇಲಿಂದ ಕಣ್ಣೆತ್ತಿದರೆ ಎದುರಿಗೆ ಅವನೇ, ನೋಡದೆ ಎಲ್ಲಿ ಹೋಗಲಿ? ಮೊದಲು ಸಂದಿಗೊಂದಿಯ ಧೂಳು, ಚೂರುಪಾರು ಎಲ್ಲವನ್ನೂ ಎಳೆಯುತ್ತಾನೆ. ವ್ಯಾಕ್ಯೂಮ್ ಕೊಳವೆಯ ಬಾಯಿಗೆ ಹಳೆಯ ಬನಿಯನ್ ಸುತ್ತಿರುತ್ತಾನೆ, ತೊಗಲಿಗೆ ಗೀರು ಬೀಳಬಾರದೆಂದು. ಆಮೇಲೆ ನೊರೆ. ಬರೀ ನೊರೆ, ನೀರಲ್ಲ. ಮೆತ್ತನೆ ಬ್ರಷ್ಷಿನಿಂದ ಒಂದೊಂದೇ ಅಂಗೈಯಗಲ ಜಾಗ. ಹೊಲಿಗೆಯ ಗೆರೆಗಳಲ್ಲಿ ಕೂತ ಕೊಳೆಗೆ ಬೇರೆ ಬ್ರಷ್ಷು, ಹಲ್ಲುಜ್ಜುವ ಬ್ರಷ್ಷಿಗಿಂತಲೂ ಸಣ್ಣದು. ಒರೆಸುವ ಬಟ್ಟೆಯನ್ನು ಹಿಂಡಿ, ಮತ್ತೆ ಹಿಂಡಿ, ಕಿವಿಯ ಹತ್ತಿರ ಹಿಡಿದು, ಇನ್ನು ಹನಿ ಇಲ್ಲ ಎಂದ ಮೇಲೆಯೇ ಸೀಟಿಗೆ ತಾಗಿಸುವುದು. ಹೊಸ ಜೀನ್ಸ್ ಪ್ಯಾಂಟಿನ ನೀಲಿ, ಪೆನ್ನಿನ ಗೀಟು, ಮಗು ಕಕ್ಕಿದ ಹಾಲು, ಒಂದೊಂದಕ್ಕೂ ಒಂದೊಂದು ಉಪಾಯ. ಮೊದಲು ಸೀಟಿನ ಅಡಿಯಲ್ಲಿ, ಕಾಣದ ಕಡೆ ಹಚ್ಚಿ ನೋಡದೆ ಅವನು ಯಾವುದನ್ನೂ ಮೇಲೆ ಹಚ್ಚಿದವನಲ್ಲ. ಒಣಗಿಸುವುದು ನೆರಳಿನಲ್ಲೇ. ಅವಸರವಿದ್ದವರು ಬಿಸಿಲಿಗಿಡಿ ಅಂದರೆ, "ನಿಮ್ಮನ್ನ ಸ್ನಾನ ಮಾಡ್ಸಿ ಒಲೆ ಮೇಲೆ ಕೂರಿಸ್ಲಾ?" ಎಂದು ಕೇಳುತ್ತಾನೆ.

ಇಷ್ಟೆಲ್ಲ ಆದ ಮೇಲೆ ಬರುವುದು ಅವನ ಪ್ರಾಣದಂಥ ಕೆಲಸ, ಉಣಿಸುವುದು. ಡಬ್ಬಿಯಿಂದ ಉಗುರಿನಷ್ಟು ಕ್ರೀಮು ತೆಗೆದು, ಬಟ್ಟೆಗೆ ಸವರಿ, ಸುತ್ತು ಸುತ್ತಾಗಿ ತೊಗಲಿಗೆ ತಿಕ್ಕುತ್ತಾ ಹೋಗುತ್ತಾನೆ. ತೊಗಲು ಕುಡಿಯುತ್ತದೆ ಅನ್ನುತ್ತಾನೆ ಅವನು. ಬಾಯಾರಿದ ತೊಗಲು ಬೆರಳನ್ನು ಒಣದಾಗಿ ಎಳೆಯುತ್ತದಂತೆ. ಕುಡಿಯುತ್ತಾ ಕುಡಿಯುತ್ತಾ ಬೆರಳು ಜಾರುತ್ತದಂತೆ. ಒಂದು ಗಳಿಗೆಯಲ್ಲಿ ಜಾರುವುದು ನಿಂತು, ಮೆಲ್ಲಗೆ, ಬೆಚ್ಚಗೆ, ಬೆರಳನ್ನು ಹಿಡಿದುಕೊಳ್ಳುತ್ತದಂತೆ. ಅಲ್ಲಿಗೆ ನಿಲ್ಲಿಸಬೇಕು. ಅದಕ್ಕೂ ಮೊದಲು ನಿಲ್ಲಿಸಿದರೆ ಆರು ತಿಂಗಳಲ್ಲಿ ಬಿರುಕು. ದಾಟಿ ಹೋದರೆ ಅಂಟು, ಬಣ್ಣ ಬಟ್ಟೆಗೆ ಹತ್ತುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಬೇರೆ ಕಡೆ ಈ ಕೆಲಸ ಮಾಡುವವರು ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡುತ್ತಾರೆ. ಹನಿ ಇಂಗಿದರೆ ತೊಗಲಿಗೆ ಬಾಯಾರಿಕೆ ಇದೆ ಎಂದರ್ಥ, ಮಣಿಯ ಹಾಗೆ ನಿಂತರೆ ಇಲ್ಲ ಎಂದರ್ಥ. ಅಣ್ಣನಿಗೆ ಅದು ಅವಮಾನ. "ನೀರು ಹಾಕಿ ನೋಡೋದು ಅಂದ್ರೆ ಮನೆಗೆ ಬಂದೋರ ಜೇಬು ತಡಕಿದ ಹಾಗೆ. ಬಾಯ್ಬಿಟ್ಟು ಕೇಳೋಕೇನು? ಬೆರಳಿಲ್ವಾ?" ಅನ್ನುತ್ತಾನೆ.

ಉಣಿಸಿ ಮುಗಿದ ಸೀಟಿನ ಹತ್ತಿರ ನಾನು ಸುಳಿದರೆ ಸಾಕು, ಒಂದು ಕೂಗು: "ಪುಟ್ಟಿ, ಕೈ ತೆಗಿ!" ನನ್ನ ಕೈಯಲ್ಲಿ ಮಿಷನ್ ಎಣ್ಣೆ ಇರುತ್ತದಂತೆ. ಇರುತ್ತದೆ, ನಿಜ. ಆದರೆ ಐವತ್ತು ದಾಟಿದ ಹೆಂಗಸಿಗೆ ಇಡೀ ವರ್ಕ್‌ಶಾಪಿನ ಮುಂದೆ ಕೈ ತೆಗಿ ಅಂದರೆ ಮೈ ಉರಿಯುವುದಿಲ್ಲವೇ? ಒಂದು ದಿನವಾದರೂ ಇವನು ಸೀಟಿನ ವಿಷಯದಲ್ಲಿ ತಪ್ಪು ಹೇಳಲಿ, ಅವತ್ತು ಇವನ ಕಿವಿ ಹಿಂಡುತ್ತೇನೆ ಎಂದು ಕಾಯುತ್ತಲೇ ಇದ್ದೆ. ಕಾದದ್ದು ಬಂತು. ಬರಬಾರದಿತ್ತು.

ಮೊದಲ ಸುಳಿವು ಸಿಕ್ಕಿದ್ದು ನನಗೇ. ನನಗೆ ಅದು ಸುಳಿವು ಅನ್ನಿಸಲಿಲ್ಲ, ಅಷ್ಟೇ. ಹೋದ ವರ್ಷದಿಂದ ಅಣ್ಣ ಸೀಟಿಗೆ ಕೆನ್ನೆ ಇಡತೊಡಗಿದ. ಕ್ರೀಮು ತಿಕ್ಕುತ್ತಾ ತಿಕ್ಕುತ್ತಾ ನಿಲ್ಲಿಸಿ, ಅತ್ತಿತ್ತ ನೋಡಿ, ಬಗ್ಗಿ, ಕೆನ್ನೆಯನ್ನು ತೊಗಲಿಗೊತ್ತಿ ಕಣ್ಣು ಮುಚ್ಚುತ್ತಿದ್ದ. ಸವಾರಿಯ ಹುಚ್ಚು ಹೆಚ್ಚಾಯಿತು, ಈಗ ಮಲಗಿಕೊಂಡೇ ಹೋಗುತ್ತಾನೆ ಎಂದು ನಾವೆಲ್ಲ ನಕ್ಕೆವು. ಬಣ್ಣ ಹೊಡೆಯುವವನೊಬ್ಬ ಅವನಿಗೆ ದಿಂಬು ತಂದುಕೊಡುತ್ತೇನೆ ಎಂದ. ಅಣ್ಣನೂ ನಕ್ಕ. ಅಂಗಿಯ ಗುಂಡಿಗಳನ್ನು ಒಂದು ಕಾಜಾ ಮೇಲೆ ಕೆಳಗೆ ಹಾಕಿಕೊಂಡು ಬರುತ್ತಾನೆ, ಬಿಸಿ ಪಾತ್ರೆ ಬರಿಗೈಯಲ್ಲಿ ಹಿಡಿದು ಬೊಕ್ಕೆ ಎದ್ದ ಮೇಲೆ ಬೆಪ್ಪನ ಹಾಗೆ ನೋಡುತ್ತಾನೆ ಎಂದು ಅತ್ತಿಗೆ ಹೇಳಿದಾಗಲೂ, "ಅವನು ಭೂಮಿ ಮೇಲೆ ಇದ್ದದ್ದು ಯಾವಾಗ ಅತ್ತಿಗೆ?" ಎಂದುಬಿಟ್ಟೆ. ನನ್ನ ನಾಲಿಗೆಗೆ ಮೂಳೆ ಇಲ್ಲ, ಬುದ್ಧಿಯೂ ಇಲ್ಲ.

ಆಮೇಲೆ ಆ ಬಿಳಿ ಅಂಗಿಯವನು ಬಂದ. ಆಗಷ್ಟೇ ಬೇರೆಯವರಿಂದ ಒಂದು ಕಾರು ಕೊಂಡಿದ್ದ. ಕಂದು ಬಣ್ಣದ ಸೀಟುಗಳು. ಅಸಲಿ ಲೆದರ್ ಎಂದು ಹೇಳಿ ಮಾರಿದ್ದರು. "ನೀವು ಬೆರಳಿಟ್ಟು ಹೇಳಿದ್ರೆ ಮುಗೀತಂತೆ" ಎಂದು ಅಣ್ಣನ ಪಕ್ಕದಲ್ಲೇ ನಿಂತುಕೊಂಡ. ಅಣ್ಣ ಬೆರಳಿಟ್ಟ. ಒಂದು ಕ್ಷಣ ಅವನ ತಲೆ ಬಗ್ಗಿತು, ಕೆನ್ನೆ ಇಡುವವನ ಹಾಗೆ. ಆದರೆ ಪಕ್ಕದಲ್ಲಿ ಗಿರಾಕಿ, ಹಿಂದೆ ಯಜಮಾನರು. ತಲೆ ನೇರವಾಯಿತು.

"ಒಳ್ಳೆ ತೊಗಲು. ಪಾಪ, ಹಸಿದಿದೆ" ಎಂದ.

ಇಡೀ ದಿನ ಉಣಿಸಿದ. ಮಧ್ಯಾಹ್ನ ಹಿಂದಿನ ಸೀಟು, ಒಂದು ಕಡೆ ಬಿಚ್ಚಿದ ಹೊಲಿಗೆ ಹಾಕಲೆಂದು, ನನ್ನ ಹತ್ತಿರ ಬಂತು. ಸೂಜಿ ಇಳಿಸಿದೆ. ತೊಗಲಿಗೆ ಸೂಜಿ ಇಳಿಯುವಾಗ ಒಂದು ಬಿಗಿ ಇರುತ್ತದೆ, ಒಂದು ತಡೆ. ಇದು ಅವಲಕ್ಕಿ ಚೀಲದ ಹಾಗೆ ಪುಸಕ್ಕನೆ ಇಳಿಯಿತು. ಅಂಚು ಮಗುಚಿ ನೋಡಿದೆ. ಹಿಂಬದಿಯಲ್ಲಿ ಬಿಳಿ ನೂಲಿನ ಬಟ್ಟೆ. ರೆಕ್ಸಿನ್! ಅಸಲಿಯೂ ಇಲ್ಲ, ಮಣ್ಣೂ ಇಲ್ಲ, ಶುದ್ಧ ರೆಕ್ಸಿನ್.

ಇಪ್ಪತ್ತಾರು ವರ್ಷ ಕಾದ ಗಳಿಗೆ ಮಡಿಲಲ್ಲಿ ಬಿದ್ದಿತ್ತು. ತಲೆ ಎತ್ತಿದೆ. ಹಾಲಿನಂಥ ಆ ಬೆಳಕಿನಲ್ಲಿ ಅಣ್ಣ ಮುಂದಿನ ಸೀಟಿಗೆ ಸುತ್ತು ಸುತ್ತಾಗಿ ತಿಕ್ಕುತ್ತಿದ್ದ. ಅರ್ಧ ಕಣ್ಣು ಮುಚ್ಚಿತ್ತು, ತುಟಿಯಲ್ಲಿ ಏನೋ ಗುನುಗು. ಎಲ್ಲೋ ಹೊರಟಿದ್ದ, ದಾರಿ ಚೆನ್ನಾಗಿತ್ತು ಅಂತ ಕಾಣುತ್ತದೆ. ಏನನ್ನೂ ಕುಡಿಯಲಾರದ ವಸ್ತುವಿಗೆ ಮಗುವಿಗೆ ಉಣಿಸಿದ ಹಾಗೆ ಉಣಿಸುತ್ತಿದ್ದ. ಆಗ ನನಗೆ ಕೆನ್ನೆ, ಗುಂಡಿ, ಬಿಸಿ ಪಾತ್ರೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಕೂಗಿ ಹೇಳಬೇಕಿತ್ತು. ಬಾಯಿಗೆ ಬೀಗ ಬಿದ್ದ ಹಾಗಾಯಿತು. ಮಗುಚಿದ ಅಂಚನ್ನು ಮತ್ತೆ ಒಳಗೆ ಮಡಚಿ, ಹೊಲಿಗೆ ಹಾಕಿ, ದಾರ ಕಡಿದೆ.

ಮರುದಿನ ಆ ಮನುಷ್ಯ ಬಂದು ಸೀಟಿನಲ್ಲಿ ಕುಳಿತ, ಜಾರಿದ, ಎದ್ದ. ಬಿಳಿ ಅಂಗಿಯ ಬೆನ್ನೆಲ್ಲ ಎಣ್ಣೆ. ಮೊದಲು ನಕ್ಕ, ಆಮೇಲೆ ಕಿರುಚಾಡಿದ. ಬಣ್ಣ ಹೊಡೆಯುವವನು ಬಂದು ಬಗ್ಗಿ ನೋಡಿ, "ರೆಕ್ಸಿನ್ ಅಲ್ವಾ ಇದು, ಸವಾರಣ್ಣ?" ಎಂದ. ಎಲ್ಲರ ಮುಂದೆ. ಅಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ. ಯಾರದೋ ಬೆರಳನ್ನು ನೋಡುವವನ ಹಾಗೆ ನೋಡಿಕೊಂಡ.

ಈಗಿನ ಯಜಮಾನರು ಹಳೆಯವರ ಮಗ. ಕೆಟ್ಟವರಲ್ಲ. ಅವರು ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವರು ಮೆತ್ತಗೆ ಹೇಳಿದರು.

"ಸವಾರಣ್ಣ, ವಯಸ್ಸಾಯ್ತು. ಇನ್ನು ಮೇಲೆ ಕಾಲಡಿ ಮ್ಯಾಟ್ ತೊಳೆಯೋ ಕೆಲ್ಸ ನೋಡ್ಕೊಳ್ಳಿ, ಸಾಕು. ಮುಂದಿನ ವಾರ ಡಾಕ್ಟರಮ್ಮನ ಕಾರು ಬರುತ್ತೆ. ಅವರು ನಿಮ್ಮನ್ನೇ ಕೇಳ್ತಾರೆ. ಅದೊಂದು ಮಾಡಿ. ಸರಿ ಹೋದ್ರೆ ಮುಂದಿನ ಮಾತು. ಅದೂ ಕೆಟ್ರೆ, ಇನ್ನು ಸೀಟಿಗೆ ನಿಮ್ಮ ಕೈ ಬೇಡ."

ಟೀ ಹೊತ್ತಿಗೆ ಅಣ್ಣ ನೆಲದ ಮೇಲಿನ ಸೀಟಿನಲ್ಲಿ ಕುಳಿತ. ನಾನು ಹಿಂದೆ ಕುಳಿತೆ. ಬಹಳ ಹೊತ್ತು ಅವನ ಕತ್ತಿನ ಹಿಂಭಾಗವನ್ನೇ ನೋಡಿದೆ. ಬಾಲ್ಯದಿಂದ ಅದೇ ಕತ್ತು.

"ಬೆರಳು ಹೋಗಿದೆ ಪುಟ್ಟಿ" ಎಂದ, ತಿರುಗದೆ. "ಒಂದು ವರ್ಷ ಆಯ್ತು. ಮೊದ್ಲು ತುದಿ. ಈಗ ಅಂಗೈವರೆಗೆ. ಲೋಟ ಹಿಡಿದಿದೀನಿ ಅಂತ ಕಣ್ಣಲ್ಲಿ ನೋಡಿ ತಿಳ್ಕೊಳ್ತೀನಿ. ಕೆನ್ನೆಗೆ ಇನ್ನೂ ಗೊತ್ತಾಗುತ್ತೆ, ಅದಕ್ಕೇ... ಅವತ್ತು ಆ ಮನುಷ್ಯ ಪಕ್ಕದಲ್ಲೇ ನಿಂತಿದ್ದ. ನಾಚಿಕೆ ಆಯ್ತು."

"ನನಗೆ ಗೊತ್ತಿತ್ತು ಅಣ್ಣ."

"ಬೆರಳಿನ ವಿಷ್ಯಾನಾ?"

"ರೆಕ್ಸಿನ್ ವಿಷ್ಯ. ಮಧ್ಯಾಹ್ನವೇ ಸೂಜೀಲಿ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ."

ಆಗ ತಿರುಗಿದ. ನಮ್ಮಣ್ಣನಿಗೆ ಸಿಟ್ಟು ಬಂದದ್ದನ್ನು ನಾನು ಜೀವಮಾನದಲ್ಲಿ ಎರಡು ಸಲ ನೋಡಿದ್ದೇನೆ. ಮೊದಲನೆಯದು ಈಗ ಬೇಡ. ಇದು ಎರಡನೆಯದು.

"ಗೊತ್ತಿದ್ದೂ ಅರ್ಧ ದಿನ ನನ್ನನ್ನ ಸುಮ್ನೆ ತಿರುಗೋಕೆ ಬಿಟ್ಟೆಯಾ? ನಾನು ಎಲ್ಲೋ ಹೋಗ್ತಿದೀನಿ ಅಂದ್ಕೊಂಡಿದ್ದೆ ಪುಟ್ಟಿ. ಎಲ್ಲಿಗೂ ಹೋಗ್ತಿರ್ಲಿಲ್ಲ."

ಲೋಟ ಕೆಳಗಿಟ್ಟು ಎದ್ದು ಹೋದ. ನಾಲ್ಕು ದಿನ ನನ್ನೊಡನೆ ಮಾತಿಲ್ಲ. ಗೇಟಿನ ಪಕ್ಕ ಕುಳಿತು ಮ್ಯಾಟುಗಳಿಗೆ ನೀರು ಬಿಡುತ್ತಿದ್ದ. ಮ್ಯಾಟು ಎಲ್ಲಿಗೆ ಹೋಗಿತ್ತು ಎಂದು ಯಾರಿಗೂ ಹೇಳಲಿಲ್ಲ. ನನ್ನ ಮಿಷನ್ನಿನ ಎದುರಿನ ಜಾಗ ಖಾಲಿ ಇತ್ತು, ಬೆಳಕು ಮಾತ್ರ ಅದೇ ಹೊತ್ತಿಗೆ ಬಂದು ಅಲ್ಲಿ ಬೀಳುತ್ತಿತ್ತು. ಆ ನಾಲ್ಕು ದಿನ ನಾನು ಹೊಲಿದದ್ದನ್ನೆಲ್ಲ ಆಮೇಲೆ ಬಿಚ್ಚಿ ಹೊಲಿಯಬೇಕಾಯಿತು. ಕಣ್ಣಲ್ಲಿ ನೀರಿದ್ದರೆ ಗೆರೆ ನೆಟ್ಟಗೆ ಬರುವುದಿಲ್ಲ.

ಡಾಕ್ಟರಮ್ಮನ ಕಾರು ಅವರಷ್ಟೇ ಹಳೆಯದು ಎಂದು ಅವರೇ ತಮಾಷೆ ಮಾಡುತ್ತಾರೆ. ಮಕ್ಕಳ ಡಾಕ್ಟರು. ಎತ್ತರ ಕಡಿಮೆ, ಬೆನ್ನ ಹಿಂದೆ ಒಂದು ದಿಂಬು ಇಟ್ಟುಕೊಂಡು ಓಡಿಸುತ್ತಾರೆ. ಊಟಕ್ಕೆ ಪುರುಸೊತ್ತಿಲ್ಲದೆ ಕಾರಿನಲ್ಲೇ ಬಿಸ್ಕತ್ತು ತಿನ್ನುತ್ತಾರೆ. ಅದರ ಚೂರುಗಳನ್ನು ಪ್ರತಿ ವರ್ಷ ಅಣ್ಣ ಸಂದಿಯಿಂದ ಎಳೆದು, ಕಾಗದದಲ್ಲಿ ಕಟ್ಟಿ, "ನಿಮ್ಮ ಊಟ ಉಳ್ಕೊಂಡಿತ್ತು ಡಾಕ್ಟರಮ್ಮ" ಎಂದು ಕೈಗೆ ಕೊಡುತ್ತಾನೆ. ಅವರ ಸೀಟುಗಳು ಕೆಂಪು. ಮೇಲೆ ಲೇಪವಿಲ್ಲದ, ಹಳೆಯ ಕಾಲದ ಬರೀ ತೊಗಲು. ಒಂದು ಹನಿ ನೀರು ಬಿದ್ದರೂ ಕಲೆ ಉಳಿಯುವಂಥದ್ದು. ಅಂಥ ತೊಗಲು ಈಗ ಎಲ್ಲೂ ಸಿಗುವುದಿಲ್ಲ. ಬಿರುಕು ಬಿಟ್ಟರೆ ಬಿಟ್ಟಿತು, ಸಡಿಲವಾದರೆ ಆಯಿತು, ಹೊಲಿದು ಸರಿಮಾಡಲು ನನ್ನಿಂದಲೂ ಆಗದು.

ಅವತ್ತು ಬೆಳಿಗ್ಗೆ ಅವರು ಕಾರಿನ ಕೀಲಿ ಕೊಟ್ಟಾಗ ಅಣ್ಣನ ಕೈಯಿಂದ ಅದು ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನ ಕೈಯನ್ನು ಅವರು ಹಿಡಿದುಕೊಂಡರು. ಕೂದಲಿನಿಂದ ಪಿನ್ನು ತೆಗೆದರು.

"ಕಣ್ಣು ಮುಚ್ಚಿ. ಚುಚ್ತೀನಿ, ಗೊತ್ತಾದ್ರೆ ಹೂಂ ಅನ್ನಿ."

"ಹೂಂ" ಎಂದ ಅಣ್ಣ, ಸ್ವಲ್ಪ ಹೊತ್ತು ಬಿಟ್ಟು.

"ನಾನು ಚುಚ್ಚೇ ಇಲ್ಲ ಸವಾರಿಯವ್ರೇ."

ಅಣ್ಣ ಕಣ್ಣು ತೆರೆದ. ಸಿಕ್ಕಿಬಿದ್ದ ಹುಡುಗನ ಮುಖ. ಡಾಕ್ಟರಮ್ಮ ಬೈಯಲಿಲ್ಲ. ನರ ಜಡವಾಗಿದೆ, ಇಷ್ಟು ವರ್ಷ ಕಲೆ ತೆಗೆಯುವ ದ್ರಾವಣಗಳಲ್ಲಿ ಬರಿಗೈ ಅದ್ದಿದ್ದೂ ಕಾರಣ ಇರಬಹುದು, ನಾಳೆಯೇ ಆಸ್ಪತ್ರೆಗೆ ಬನ್ನಿ, ಇನ್ನೂ ಕೆಡದಂತೆ ನೋಡಿಕೊಳ್ಳಬಹುದು, ಹೋದದ್ದು ಪೂರ್ತಿ ಬರುತ್ತದೆ ಎಂದು ಮಾತು ಕೊಡಲಾರೆ ಎಂದರು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಅಲ್ಲೇ ಕುಳಿತರು. "ಸೀಟು ನೀವೇ ಮಾಡಿ. ಇವತ್ತು ರಜ ಹಾಕಿದೀನಿ." ಯಜಮಾನರೂ ಬಂದು ಕಂಬಕ್ಕೊರಗಿ ನಿಂತರು.

ಅಣ್ಣ ಒಳಗೆ ಹೋಗಿ ಕುಳಿತು ಕಣ್ಣು ಮುಚ್ಚಿದ. ಎರಡೇ ನಿಮಿಷಕ್ಕೆ ಇಳಿದ. "ಹೋಗ್ಬಂದೆ" ಅನ್ನಲಿಲ್ಲ. ಧೂಳೆಳೆದ, ಬಿಸ್ಕತ್ತಿನ ಚೂರು ಕಟ್ಟಿಟ್ಟ, ನೊರೆ ಹಚ್ಚಿ ತೆಗೆದ, ಬಟ್ಟೆ ಹಿಂಡಿ ಕಿವಿಗೆ ಹಿಡಿದ. ಅಷ್ಟಕ್ಕೆ ಕಣ್ಣು, ಕಿವಿ ಸಾಕು. ಮಧ್ಯಾಹ್ನವಾಯಿತು. ಬೆಳಕು ಬಂದು ಕೆಂಪು ಸೀಟುಗಳ ಮೇಲೆ ಕುಳಿತಿತು. ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಮುಂದುಗಡೆ, ಡ್ರೈವರ್ ಪಕ್ಕದ ಸೀಟಿಗೆ ಕ್ರೀಮು ತಿಕ್ಕತೊಡಗಿದ. ಸುತ್ತು, ಇನ್ನೊಂದು ಸುತ್ತು. ಬೆರಳಿಟ್ಟ. ತೆಗೆದ. ಮತ್ತೆ ಇಟ್ಟ. ಕೆನ್ನೆ ಇಡಲಿ ಎಂದು ನಾನು ಮನಸ್ಸಿನಲ್ಲೇ ಗೋಗರೆಯುತ್ತಿದ್ದೆ. ಬಗ್ಗಿ ಇಟ್ಟೂ ಇಟ್ಟ, ಯಾರಿದ್ದರೇನು ಎಂಬಂತೆ. ಬಹಳ ಹೊತ್ತು ಹಾಗೇ ಇದ್ದ. ಎದ್ದಾಗ ಅವನ ಮುಖದಲ್ಲಿ ಏನೂ ಉಳಿದಿರಲಿಲ್ಲ. ಕೆನ್ನೆಗೂ ತಿಳಿಯುವುದು ನಿಂತಿತ್ತೋ, ಅಥವಾ ತನ್ನ ಮೇಲೆ ತನಗೇ ನಂಬಿಕೆ ಹೋಗಿತ್ತೋ.

ಅವನು ನೀರಿನ ಬಟ್ಟಲಿನ ಕಡೆ ನಡೆದ. ಬೆರಳ ತುದಿ ಅದ್ದಿದ. ಇಪ್ಪತ್ತಾರು ವರ್ಷದಲ್ಲಿ ಮಾಡದ್ದನ್ನು ಮಾಡಲು, ಮೂಲೆ ಕೂಡ ನೋಡದೆ, ಆ ಕೆಂಪು ತೊಗಲಿನ ಮೇಲೆ ಕೈ ಚಾಚಿದ. ತುದಿಯಲ್ಲಿ ಹನಿ ತೂಗುತ್ತಿತ್ತು. ಬಿದ್ದರೆ ಕಲೆ ಉಳಿಯುತ್ತದೆ, ಅವನಿಗೂ ಗೊತ್ತು, ಬೇರೆ ದಾರಿಯೂ ಇರಲಿಲ್ಲ. ನಾನು ಮಿಷನ್ ಬಿಟ್ಟು ಎದ್ದು ನಿಂತೆ. ಅವನು ಹನಿಯನ್ನೇ ನೋಡಿದ. ಆಮೇಲೆ ಕೈ ಹಿಂದೆಗೆದು, ಬೆರಳನ್ನು ತನ್ನ ಅಂಗಿಗೆ ಒರೆಸಿಕೊಂಡ.

"ಪುಟ್ಟಿ" ಎಂದ. ನಾಲ್ಕು ದಿನಗಳ ಮೇಲೆ ಮೊದಲ ಮಾತು. "ಕೈ ತೊಳ್ಕೊಂಡು ಬಾ."

ನಲ್ಲಿಯ ಹತ್ತಿರ ಸೋಪು ಹಾಕಿ ಮೂರು ಸಲ ತೊಳೆದೆ. ಮೂಸಿ ನೋಡಿ ನಾಲ್ಕನೆಯ ಸಲ ತೊಳೆದೆ. ಬಂದಾಗ ಅಣ್ಣ ಡ್ರೈವರ್ ಸೀಟಿನ ಬಾಗಿಲು ಹಿಡಿದುಕೊಂಡು ನಿಂತಿದ್ದ.

"ಕೂತ್ಕೋ."

"ನಾನಾ? ಮುಂದೆನಾ?"

"ಹೂಂ. ನೀನೇ."

"ನನಗೆ ದಾರಿ ಗೊತ್ತಿಲ್ಲ ಅಣ್ಣ" ಎಂದೆ. ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಬಂತು.

"ನಾನಿದೀನಲ್ಲ, ಹೇಳ್ತೀನಿ." ಅವನು ಸುತ್ತಿ ಹೋಗಿ, ಹಿಂದಿನ ಬಾಗಿಲಿನಿಂದ ಹತ್ತಿ, ನನ್ನ ಬೆನ್ನ ಹಿಂದೆ ಕುಳಿತ. ಹೊರಗೆ ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಡಾಕ್ಟರಮ್ಮ ತುಟಿಗೆ ಬೆರಳಿಟ್ಟು ತೋರಿಸಿದ್ದು ನನಗೆ ಕಾಣಿಸಿತು.

"ಕಣ್ಣು ಮುಚ್ಚು. ಪಕ್ಕದ ಸೀಟಿನ ಮೇಲೆ ಕೈ ಇಡು."

ಕೈ ಇಟ್ಟೆ. ಇಪ್ಪತ್ತಾರು ವರ್ಷ ತೆಗಿ, ತೆಗಿ ಎಂದು ಬೈಸಿಕೊಂಡ ಕೈ. ತಣ್ಣಗಿತ್ತು. ಅಷ್ಟೇ ತಿಳಿದದ್ದು.

"ಏನೂ ಗೊತ್ತಾಗ್ತಿಲ್ಲ."

"ಅವಸರ ಮಾಡ್ಬೇಡ. ಬೆರಳು ಮೊದ್ಲು ಹೆದರುತ್ತೆ. ಸುಮ್ನೆ ಇಟ್ಕೊಂಡಿರು."

ಇಟ್ಟುಕೊಂಡಿದ್ದೆ. ಮುಂದೆ ತಗಡು ಬಡಿಯುವ ಸದ್ದು ಇತ್ತು, ಆಮೇಲೆ ಅದು ದೂರವಾಯಿತು. ಸೋಪಿನ ವಾಸನೆ, ಕ್ರೀಮಿನ ವಾಸನೆ, ಅವೆರಡರ ಕೆಳಗೆ ಯಾವುದೋ ಹಳೆಯ ಬೆಚ್ಚಗಿನ ವಾಸನೆ. ಬೆರಳಿನ ಅಡಿಯಲ್ಲಿ ಸಣ್ಣ ಸಣ್ಣ ಗೆರೆಗಳು ಒಂದೊಂದಾಗಿ ಎದ್ದು ಬಂದವು. ಸಣ್ಣ ಗುಂಡಿ ಬಿದ್ದ ಒಂದು ಜಾಗ ಸಿಕ್ಕಿತು. ಇಲ್ಲಿ ಮಡಿಲಲ್ಲಿ ಕೂರುವಷ್ಟು ಚಿಕ್ಕವರು ಯಾರೋ ಮೊಣಕಾಲೂರಿ ಕಿಟಕಿಯ ಹೊರಗೆ ನೋಡಿದ್ದಾರೆ ಅನ್ನಿಸಿತು. ಜ್ವರ ಬಂದ ಮಗುವೇನೋ, ಡಾಕ್ಟರಮ್ಮ ತಾವೇ ಮನೆಗೆ ಬಿಟ್ಟುಬರುತ್ತಿದ್ದರೇನೋ. ರಸ್ತೆಯ ಮರಗಳು ಹಿಂದೆ ಹಿಂದೆ ಓಡುತ್ತಿದ್ದವು. ನಾನು ಓಡಿಸುತ್ತಿದ್ದೆ. ತಟ್ಟೆ ಇರಲಿಲ್ಲ, ಆದರೂ ಕಾರು ನೆಟ್ಟಗೆ ಹೋಗುತ್ತಿತ್ತು. ಆಗ ಗೊತ್ತಾಯಿತು, ತೊಗಲು ನನ್ನ ಬೆರಳನ್ನು ಎಳೆಯುತ್ತಿತ್ತು. ಒಣದಾಗಿ, ಮೆಲ್ಲಗೆ, ಎದೆಹಾಲಿಗೆ ಬಾಯಿ ಹಾಕಿದ ಕೂಸಿನ ಹಾಗೆ. ಇಷ್ಟು ವರ್ಷ ನಾನು ನಕ್ಕದ್ದು ಇದಕ್ಕೇನು?

ಅಣ್ಣನ ಕೈ ಹಿಂದಿನಿಂದ ಬಂದು ನನ್ನ ಭುಜದ ಮೇಲೆ ಕುಳಿತಿತು. ಅವನಿಗೆ ನನ್ನ ಭುಜ ತಿಳಿಯುತ್ತಿರಲಿಲ್ಲ, ಗೊತ್ತು. ನನಗೆ ಅವನ ಕೈ ತಿಳಿಯುತ್ತಿತ್ತು.

"ಬಂತಾ ಪುಟ್ಟಿ?" ಎಂದು ಕೇಳಿದ.

ನಾನು ಕಣ್ಣು ತೆರೆಯಲಿಲ್ಲ. ಅಣ್ಣ ಸೀಟಿನ ಪಕ್ಕದಲ್ಲೇ ಬಿಟ್ಟಿದ್ದ ಡಬ್ಬಿಯನ್ನು ತಡಕಿ, ಇನ್ನೊಂದು ಉಗುರಿನಷ್ಟು ಕ್ರೀಮು ತೆಗೆದು ತೊಗಲಿಗೆ ಇಟ್ಟೆ.

"ಇನ್ನೂ ಇಲ್ಲ ಅಣ್ಣ" ಎಂದೆ. "ಸ್ವಲ್ಪ ದೂರ ಇದೆ. ನೀನು ಆರಾಮಾಗಿ ಕೂತ್ಕೋ."